ಹಳೆ ಚಕ್ರಕ್ಕೆ ಹೊಸ ರಿಮ್: ಬಣ್ಣ ನೋಡುವ ಮೊದಲು ಅಳತೆ ನೋಡಿ

ಗುಂಡಿಗೆ ಬಿದ್ದು ಸೊಟ್ಟಗಾದ ರಿಮ್ ಕಣ್ಣಿಗೆ ಕಾಣುತ್ತದೆ. ಸವೆದ ರಿಮ್ ಕಾಣುವುದಿಲ್ಲ. ರಬ್ಬರ್ ನೇರವಾಗಿ ರಿಮ್ ಅನ್ನೇ ಒತ್ತುವ ರಿಮ್ ಬ್ರೇಕ್ ಇರುವ ರೋಡ್ ಬೈಕ್‌ನಲ್ಲಿ, ಅಂದರೆ ತೆಳು ಟೈರಿನ ರಸ್ತೆ ಸೈಕಲ್‌ನಲ್ಲಿ, ಬ್ರೇಕ್ ಹಿಡಿದಾಗಲೆಲ್ಲ ರಬ್ಬರಿನ ಜೊತೆ ಅಲ್ಯುಮಿನಿಯಂ ಕೂಡ ಚೂರುಚೂರೇ ಹೋಗುತ್ತಿರುತ್ತದೆ. ಮಳೆಯಲ್ಲಿ ಕೆಸರು ಸೇರಿಕೊಂಡರಂತೂ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆಯೇ.

ಹಾಗಾಗಿ ಮೊದಲು ಒಂದು ಉಕ್ಕಿನ ಸ್ಕೇಲ್ ತೆಗೆದುಕೊಳ್ಳಿ. ಬ್ರೇಕ್ ತಾಗುವ ಗೋಡೆಯ ಮೇಲೆ, ಟೈರ್ ಕಡೆಯಿಂದ ಚಕ್ರದ ನಡುವಿನ ಹಬ್ ಕಡೆಗೆ ನೆಟ್ಟಗೆ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿ ಬಂದರೆ ಗೋಡೆ ಬಾಣಲೆಯಂತೆ ತಗ್ಗಾಗಿದೆ ಎಂದರ್ಥ. ಅನೇಕ ರಿಮ್‌ಗಳಲ್ಲಿ ಗೋಡೆಯ ಮೇಲೆ ಸಣ್ಣ ಗೀರು ಅಥವಾ ಚುಕ್ಕೆಯಂಥ ಕುಳಿ ಇರುತ್ತದೆ. ಅದು ಅಳಿಸಿಹೋದರೆ ರಿಮ್‌ನ ಆಯುಸ್ಸು ಮುಗಿಯಿತು. ಕೆಲವದ್ದು ಉಲ್ಟಾ, ಸವೆದ ಮೇಲೆ ಗುರುತು ಕಾಣಿಸಿಕೊಳ್ಳುತ್ತದೆ. ಇದನ್ನು ಕಡೆಗಣಿಸಬೇಡಿ. ತೆಳುವಾದ ಗೋಡೆ ಟೈರಿನ ಗಾಳಿಯ ಒತ್ತಡಕ್ಕೆ ಸೀಳಿಕೊಳ್ಳುತ್ತದೆ, ಅದೂ ಹೆಚ್ಚಾಗಿ ಸೈಕಲ್ ಓಡುತ್ತಿರುವಾಗಲೇ.

ಹಳೆಯ ರಿಮ್‌ನಿಂದ ಬರೆದುಕೊಳ್ಳಬೇಕಾದ್ದು

ಹಬ್ ಮತ್ತು ಕಡ್ಡಿ ಉಳಿಸಿಕೊಂಡು ರಿಮ್ ಮಾತ್ರ ಬದಲಿಸುವುದಾದರೆ ಆಯ್ಕೆ ನಿಮ್ಮದಲ್ಲ, ಆ ಹಬ್‌ನದ್ದು. ಹಬ್‌ನಲ್ಲಿ 32 ತೂತು ಇದ್ದರೆ ರಿಮ್‌ನಲ್ಲೂ 32 ಇರಲೇಬೇಕು. 20, 24, 28, 36 ತೂತಿನವೂ ಇವೆ. ಕಣ್ಣಂದಾಜು ಬೇಡ, ವಾಲ್ವ್ ತೂತಿನ ಪಕ್ಕದಿಂದ ಶುರುಮಾಡಿ ಕೂತು ಎಣಿಸಿ.

ಆಮೇಲೆ ವ್ಯಾಸ. ಟೈರಿನ ಪಕ್ಕದಲ್ಲಿ 28-622 ಎಂಬಂಥ ಅಂಕಿ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ಅಗಲ. ಎರಡನೆಯದು ಟೈರಿನ ಅಂಚು ರಿಮ್‌ನಲ್ಲಿ ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ಇಂದಿನ ಬಹುತೇಕ ರೋಡ್ ಬೈಕ್‌ಗಳದ್ದು 622, ಅದನ್ನೇ 700ಸಿ ಎನ್ನುತ್ತಾರೆ. ಇಂಚಿನ ಲೆಕ್ಕವನ್ನು ಮಾತ್ರ ನಂಬಬೇಡಿ: 28 ಇಂಚು ಎಂದು ಕರೆಸಿಕೊಳ್ಳುವ ಈ 622ಕ್ಕಿಂತ ಹಳೆಯ ಸೈಕಲ್‌ಗಳ 27 ಇಂಚಿನ ರಿಮ್ ದೊಡ್ಡದು, 630 ಮಿ.ಮೀ. ಈ ಹೆಸರುಗಳನ್ನು ಇಟ್ಟವರು ಯಾವ ಗಣಿತ ಓದಿದ್ದರೋ!

ವಾಲ್ವ್ ತೂತನ್ನೂ ನೋಡಿಕೊಳ್ಳಿ. ತೆಳು ಪ್ರೆಸ್ಟಾ ವಾಲ್ವ್‌ಗೆ ಕೊರೆದ ತೂತಿನಲ್ಲಿ ಕಾರಿನ ಟೈರಿಗೆ ಇರುವಂಥ ದಪ್ಪ ವಾಲ್ವ್ ಹೋಗದು.

ಕಡ್ಡಿಯ ಉದ್ದವನ್ನು ತೀರ್ಮಾನಿಸುವ ಅಂಕಿ

ಇಲ್ಲೇ ನಾನು ಎಡವಿದ್ದು. ತೂತು ಸರಿ, 622 ಸರಿ ಎಂದುಕೊಂಡು ಕಪ್ಪು ಬಣ್ಣದ ಅಂದವಾದ ರಿಮ್ ತರಿಸಿ, ಹಳೆಯ ಕಡ್ಡಿಗಳಿಂದಲೇ ಚಕ್ರ ಕಟ್ಟಲು ಕೂತೆ. ಅರ್ಧ ಬಿಗಿ ಬರುವಷ್ಟರಲ್ಲಿ ಕಡ್ಡಿಯ ತುದಿಗಳು ನಿಪ್ಪಲ್‌ನ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಪುಟ್ಟ ನಟ್) ತಲೆ ದಾಟಿ ಮೊಳಕೆಗಳ ಹಾಗೆ ಮೇಲೆದ್ದವು. ನಿಪ್ಪಲ್‌ಗೆ ಮುಂದೆ ಹತ್ತಲು ಕಡ್ಡಿಯಲ್ಲಿ ಮರೆಯೇ (ಸ್ಕ್ರೂವಿಗೆ ಇರುವಂಥ ಸುತ್ತುಗೆರೆ) ಉಳಿದಿರಲಿಲ್ಲ. ಹಾಗೇ ಟ್ಯೂಬ್ ಹಾಕಿದ್ದರೆ ಒಳಗಿಂದಲೇ ಪಂಕ್ಚರ್. ಕೊನೆಗೆ 32 ಹೊಸ ಕಡ್ಡಿ ಕೊಂಡೆ.

ನಾನು ನೋಡದೆ ಬಿಟ್ಟಿದ್ದು ಇ.ಆರ್.ಡಿ. (ಎಫೆಕ್ಟಿವ್ ರಿಮ್ ಡಯಾಮೀಟರ್) ಎಂಬ ಅಳತೆ. ಎದುರುಬದುರು ತೂತುಗಳಲ್ಲಿ ಕಡ್ಡಿಗಳ ತುದಿ ನಿಲ್ಲುವ ಜಾಗಗಳ ನಡುವಿನ ದೂರ ಅದು. 622ರ ರಿಮ್‌ಗಳಲ್ಲೇ ಇದು ಬೇರೆಬೇರೆ: ರಿಮ್ ಆಳವಾದಷ್ಟೂ ಕಡಿಮೆ. ತೆಳ್ಳನೆಯ ರಿಮ್‌ಗೆ ಸುಮಾರು 600 ಮಿ.ಮೀ. ಇದ್ದರೆ 50 ಮಿ.ಮೀ. ಆಳದ್ದಕ್ಕೆ 550ರ ಆಸುಪಾಸು. ಇ.ಆರ್.ಡಿ. 8 ಮಿ.ಮೀ. ತಗ್ಗಿದರೆ ಕಡ್ಡಿ ಸುಮಾರು 4 ಮಿ.ಮೀ. ಗಿಡ್ಡ ಬೇಕು. ಹಳೆಯ ಕಡ್ಡಿಯನ್ನೇ ಬಳಸುವ ಆಸೆಯಿದ್ದರೆ ಈ ಅಂಕಿ ಹಳೆಯ ರಿಮ್‌ನದಕ್ಕೆ ಒಂದೆರಡು ಮಿ.ಮೀ. ಒಳಗೆ ಹೊಂದಬೇಕು.

ತಯಾರಕರು ಇದನ್ನು ಕೊಟ್ಟಿರುತ್ತಾರೆ. ಆದರೂ ಅಳೆಯುವುದು ಒಳ್ಳೆಯದು. ಎರಡು ಕಡ್ಡಿಗಳನ್ನು ಬಾಗಿದ ತುದಿಯ ಕಡೆ ಕತ್ತರಿಸಿ ತಲಾ 250 ಮಿ.ಮೀ. ಮಾಡಿ. ಮರೆಯಿರುವ ತುದಿ ನಿಪ್ಪಲ್‌ನ ತಲೆಗೆ ಸಮವಾಗುವಷ್ಟು ತಿರುಗಿಸಿ ಅಂಟು ಹಾಕಿ. ಎದುರುಬದುರು ತೂತುಗಳಲ್ಲಿ ಹೊಗಿಸಿ, ಒಳಕ್ಕೆ ಎಳೆದು ಹಿಡಿದು ಕತ್ತರಿಸಿದ ತುದಿಗಳ ನಡುವಿನ ಅಂತರ ಅಳೆಯಿರಿ. ಅದಕ್ಕೆ 500 ಕೂಡಿಸಿದರೆ ಇ.ಆರ್.ಡಿ. ಇನ್ನೂ ಎರಡು ಕಡೆ ಅಳೆದು ಸರಾಸರಿ ತೆಗೆಯಿರಿ.

ಅಗಲ, ಆಳ, ಬ್ರೇಕ್

ಹಿಂದೆ ರೋಡ್ ರಿಮ್‌ನ ಒಳ ಅಗಲ 15 ಮಿ.ಮೀ. ಸಾಮಾನ್ಯವಾಗಿತ್ತು; ಈಗ 19, 21, 23 ಬಳಕೆಯಲ್ಲಿವೆ. 28 ಮಿ.ಮೀ. ಅಗಲದ ಟೈರಿಗೆ 19 ಅಥವಾ 21 ಹಿತ. ರಿಮ್ ಅಗಲವಾದರೆ ಅದೇ ಟೈರ್ ಇನ್ನಷ್ಟು ಹಿಗ್ಗುತ್ತದೆ, ಆದ್ದರಿಂದ ಫ್ರೇಮ್ ಮತ್ತು ಫೋರ್ಕ್ ನಡುವೆ ಎಷ್ಟು ಸಂದು ಉಳಿದಿದೆ ನೋಡಿ. ರಿಮ್ ಬ್ರೇಕ್ ಆದರೆ ಅದರ ಬಾಯಿ ಹೊಸ ರಿಮ್‌ನ ಹೊರ ಅಗಲಕ್ಕೆ ತೆರೆದುಕೊಳ್ಳುತ್ತದೆಯೇ ಎಂಬುದನ್ನೂ.

ಡಿಸ್ಕ್ ಬ್ರೇಕ್‌ಗೆಂದು ಮಾಡಿದ ರಿಮ್‌ನಲ್ಲಿ ಬ್ರೇಕ್ ತಾಗುವ ಗೋಡೆ ಇರುವುದಿಲ್ಲ. ಅದನ್ನು ರಿಮ್ ಬ್ರೇಕ್‌ಗೆ ಹಾಕಲೇಬಾರದು. ಅಂಚಿನಲ್ಲಿ ಟೈರ್ ಹಿಡಿಯುವ ಕೊಕ್ಕೆ ಇಲ್ಲದ (ಹುಕ್‌ಲೆಸ್) ರಿಮ್ ಆದರೆ ಅದಕ್ಕೆ ಒಪ್ಪುತ್ತದೆ ಎಂದು ತಯಾರಕರು ಹೇಳಿದ ಟೈರ್ ಮಾತ್ರ, ಗಾಳಿ 5 ಬಾರ್, ಅಂದರೆ ಸುಮಾರು 72 ಪಿಎಸ್ಐ, ಮೀರಬಾರದು. 100 ಪಿಎಸ್ಐ ತುಂಬಿಸಿ ರೂಢಿಯಾದವರು ಇದರ ತಂಟೆಗೆ ಹೋಗದಿರುವುದೇ ವಾಸಿ.

ಆಳದ ರಿಮ್ ವೇಗದಲ್ಲಿ ಗಾಳಿಯನ್ನು ಸೀಳುತ್ತದೆ ನಿಜ, ಅಡ್ಡಗಾಳಿ ಬೀಸಿದರೆ ಹ್ಯಾಂಡಲ್ ಎಳೆಯುವುದೂ ಅದೇ. ರಿಮ್ ಬ್ರೇಕ್ ಹಿಡಿದು ಉದ್ದದ ಇಳಿಜಾರು ಇಳಿಯುವವರಿಗೆ ಕಾರ್ಬನ್‌ಗಿಂತ ಅಲ್ಯುಮಿನಿಯಮ್ಮೇ ಮೇಲು ಎಂಬುದು ನನ್ನ ಅಭಿಪ್ರಾಯ. ಕಾರ್ಬನ್ ಬಿಸಿಯನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ, ಅದಕ್ಕೆ ಬೇರೆಯದೇ ಬ್ರೇಕ್ ರಬ್ಬರ್ ಬೇಕು. ಹಿಂದಿನ ಚಕ್ರಕ್ಕೆ ತೂತುಗಳನ್ನು ಒಂದು ಪಕ್ಕಕ್ಕೆ ಸರಿಸಿ ಕೊರೆದ ರಿಮ್ ಸಿಕ್ಕರೆ ಬಿಡಬೇಡಿ. ಗೇರ್ ಇರುವ ಬಲಬದಿಯ ಕಡ್ಡಿ ಬಿಗಿ, ಎಡಬದಿಯದು ಸಡಿಲ ಎಂಬ ತಾರತಮ್ಯ ಅದರಿಂದ ಕಡಿಮೆಯಾಗುತ್ತದೆ.

ಇ.ಆರ್.ಡಿ. ಹೊಂದಿದರೆ ಉಳಿದದ್ದು ಸಲೀಸು. ಹಳೆಯ ಕಡ್ಡಿಗಳನ್ನು ಸಡಿಲಿಸಿ, ಹೊಸ ರಿಮ್ ಅನ್ನು ಹಳೆಯದರ ಪಕ್ಕಕ್ಕೆ ವಾಲ್ವ್ ತೂತು ಒಂದೇ ಸಾಲಿಗೆ ಬರುವಂತೆ ಟೇಪಿನಲ್ಲಿ ಕಟ್ಟಿ, ಒಂದೊಂದೇ ಕಡ್ಡಿಯನ್ನು ಇಲ್ಲಿಂದ ಬಿಚ್ಚಿ ಅಲ್ಲಿಗೆ ಹಾಕುತ್ತ ಹೋಗಿ. ಕಟ್ಟುವ ಮುನ್ನ ಇನ್ನೊಂದು ನೋಟ: ತೂತುಗಳು ಒಂದು ಎಡಕ್ಕೆ ಒಂದು ಬಲಕ್ಕೆ ವಾಲಿರುತ್ತವೆ. ವಾಲ್ವ್ ಪಕ್ಕದ ತೂತು ಎರಡು ರಿಮ್‌ಗಳಲ್ಲೂ ಒಂದೇ ಕಡೆಗೆ ವಾಲಿರಬೇಕು. ಹಾಗಿಲ್ಲದಿದ್ದರೆ ಹೊಸ ರಿಮ್ ಅನ್ನು ಒಂದು ತೂತಿನಷ್ಟು ಸರಿಸಿ ಟೇಪ್ ಸುತ್ತಿ.