ಹಳೇ ಬ್ಯಾಕ್‌ಹೋ ತಗೊಂಡು ಟ್ರ್ಯಾಕ್ಟರ್‌ಗೆ ಕಟ್ಟೋರು ಇಷ್ಟು ನೋಡ್ಕೊಳ್ಳಿ

ಬಸಿಗಾಲುವೆ ತೆಗೆಯೋದು, ತೆಂಗಿನ ಗುಂಡಿ, ಡ್ರಿಪ್ ಮೇನ್‌ಲೈನ್‌ಗೆ ಟ್ರೆಂಚು, ಇಂಥ ಸಣ್ಣಪುಟ್ಟ ಕೆಲಸಕ್ಕೆಲ್ಲ ಜೆಸಿಬಿ ಕರೆಸಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡೋ ಬದಲು ಟ್ರ್ಯಾಕ್ಟರ್ ಹಿಂದೆನೇ ಒಂದು ಬ್ಯಾಕ್‌ಹೋ (ಜೆಸಿಬಿ ಹಿಂದೆ ಇರೋ ಥರದ ಅಗೆಯೋ ತೋಳು, ಬಕೆಟ್) ಇದ್ರೆ ಒಳ್ಳೇದು ಅಂತ ಸೆಕೆಂಡ್‌ಹ್ಯಾಂಡ್ ಹುಡುಕೋರು ಈಗ ಜಾಸ್ತಿ ಆಗಿದಾರೆ. ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಹೊಸ ಪೇಂಟ್ ನೋಡಿ ಅಡ್ವಾನ್ಸ್ ಕೊಡ್ಬೇಡಿ.

ಎಲ್ಲಕ್ಕಿಂತ ಮೊದಲು ಕೇಳ್ಬೇಕಾಗಿರೋದು ಇದು ಸಬ್‌ಫ್ರೇಮ್ ಇರೋ ಪೀಸಾ ಇಲ್ಲ ಬರೀ ತ್ರೀ ಪಾಯಿಂಟ್ ಲಿಂಕೇಜ್‌ಗೆ (ನೇಗಿಲು ಕಟ್ಟೋ ಮೂರು ಕೊಂಡಿಗೆ) ಸಿಕ್ಕಿಸೋದಾ ಅಂತ. ಸಬ್‌ಫ್ರೇಮ್ ಅಂದ್ರೆ ಬ್ಯಾಕ್‌ಹೋದಿಂದ ಟ್ರ್ಯಾಕ್ಟರ್ ಹೊಟ್ಟೆ ಕೆಳಗೆ ಎರಡೂ ಕಡೆ ಮುಂದಿನವರೆಗೂ ಹೋಗೋ ಕಬ್ಬಿಣದ ಚೌಕಟ್ಟು, ಬಕೆಟ್ ಮಣ್ಣು ಎಳೆಯುವಾಗ ಬರೋ ಜಗ್ಗಾಟನೆಲ್ಲ ಅದು ತಗೊಳುತ್ತೆ. ಅದಿಲ್ಲ ಅಂದ್ರೆ ಆ ಭಾರ ಎಲ್ಲ ಹಿಂದಿನ ಆಕ್ಸಲ್ ಹೌಸಿಂಗ್ ಮೇಲೆ, ಗೇರ್‌ಬಾಕ್ಸ್ ಜಾಯಿಂಟ್ ಮೇಲೆ ಬೀಳುತ್ತೆ, ಅಲ್ಲಿ ಎರಕದ ಕಬ್ಬಿಣ ಸೀಳು ಬಿಟ್ರೆ ಬ್ಯಾಕ್‌ಹೋ ಉಳಿಸಿದ ದುಡ್ಡಿಗಿಂತ ಟ್ರ್ಯಾಕ್ಟರ್ ರಿಪೇರಿ ಜಾಸ್ತಿ ಆಗುತ್ತೆ. ಇನ್ನೂ ದೊಡ್ಡ ಅಪಾಯ ಇದೆ, ಟಾಪ್ ಲಿಂಕ್ (ಆ ಮೂರರಲ್ಲಿ ಮೇಲಿನ ಕೊಂಡಿ) ಏನಾದ್ರೂ ಕಿತ್ತು ಬಂದ್ರೆ ಬ್ಯಾಕ್‌ಹೋ ಸೀಟ್ ಸಮೇತ ಮೇಲಕ್ಕೆ ಮಡಚಿಕೊಂಡು ಕೂತಿರೋರನ್ನ ಟ್ರ್ಯಾಕ್ಟರ್‌ಗೆ ಒತ್ತಿಬಿಡುತ್ತೆ. ಅದಕ್ಕೇ ಹೇಳ್ತಿರೋದು, ಸಬ್‌ಫ್ರೇಮ್ ಇಲ್ದೇ ಇರೋದನ್ನ ಎಷ್ಟೇ ಕಮ್ಮಿಗೆ ಕೊಟ್ರೂ ತರ್ಬೇಡಿ. ಇದ್ರೂನೂ ಅದು ಯಾವ ಮಾಡೆಲ್ ಟ್ರ್ಯಾಕ್ಟರ್‌ಗೆ ಮಾಡಿದ್ದು ಕೇಳಿ, ಬೋಲ್ಟ್ ತೂತುಗಳು ಒಂದೊಂದು ಮಾಡೆಲ್‌ಗೆ ಒಂದೊಂದು ಥರ ಇರುತ್ತೆ, ನಿಮ್ಮ ಗಾಡಿಗೆ ಬ್ರಾಕೆಟ್ ಹೊಸದಾಗಿ ಮಾಡಿಸ್ಬೇಕಾದ್ರೆ ಆ ಖರ್ಚನ್ನ ರೇಟಲ್ಲಿ ಹಿಡ್ಕೊಂಡೇ ಮಾತಾಡಿ.

ಆಮೇಲೆ ಪಿನ್ನು, ಬುಷ್ಷು (ಪಿನ್ ಸುತ್ತ ಕೂರೋ ಬಳೆ). ಬಕೆಟ್‌ನ ನೆಲದಿಂದ ಒಂದು ಗೇಣು ಮೇಲೆ ನಿಲ್ಲಿಸಿ ಎಂಜಿನ್ ಆಫ್ ಮಾಡಿಸಿ, ಬಕೆಟ್ ತುದಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಸ್ವಲ್ಪ ಆಟ ಇದ್ದೇ ಇರುತ್ತೆ, ಹಳೇ ಮಷಿನ್ ಅಲ್ವಾ, ಆದ್ರೆ ಬೂಮು (ಟ್ರ್ಯಾಕ್ಟರ್ ಕಡೆಯ ದೊಡ್ಡ ತೋಳು) ಎಡಕ್ಕೆ ಬಲಕ್ಕೆ ತಿರುಗೋ ಸ್ವಿಂಗ್ ಜಾಗದಲ್ಲೇ ಲಟಲಟ ಅಂದ್ರೆ ಹುಷಾರಾಗಿ. ಬಕೆಟ್ ಪಿನ್ನು ಲೇತ್‌ನಲ್ಲಿ ಮಾಡಿಸ್ಕೋಬಹುದು, ಸ್ವಿಂಗ್ ಪಿನ್ ಕೂರೋ ತೂತೇ ಮೊಟ್ಟೆ ಆಕಾರಕ್ಕೆ ಸವೆದಿದ್ರೆ ವೆಲ್ಡ್ ತುಂಬಿ ಮತ್ತೆ ಬೋರಿಂಗ್ ಮಾಡಿಸ್ಬೇಕು, ಅದು ದೊಡ್ಡ ಕೆಲಸ. ಬೂಮ್ ಬುಡದಲ್ಲಿ, ಜಾಕ್ ಕಾಲು (ಅಗೆಯುವಾಗ ಎರಡೂ ಪಕ್ಕ ನೆಲಕ್ಕೆ ಊರೋ ಆಸರೆ) ಸೇರೋ ಮೂಲೆಯಲ್ಲಿ ಹಳೇ ವೆಲ್ಡಿಂಗ್ ಮೇಲೆ ದಪ್ಪಗೆ ಬಣ್ಣ ಹೊಡೆದಿದ್ರೆ ಕೆರೆದು ನೋಡಿ, ನಾಚಿಕೆ ಪಟ್ಕೋಬೇಡಿ.

ಸಿಲಿಂಡರ್ ರಾಡ್ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಾಕೊಳ್ಳೋ ಗೀರು, ಗುಳಿ ಬಿದ್ದ ತುಕ್ಕು ಇದ್ರೆ ಎಷ್ಟು ಸೀಲ್ ಕಿಟ್ ಹಾಕಿಸಿದ್ರೂ ನಿಲ್ಲಲ್ಲ, ರಾಡೇ ಬದಲಾಗ್ಬೇಕು. ಇನ್ನೊಂದು ಪರೀಕ್ಷೆ, ಆಯಿಲ್ ಬಿಸಿ ಆಗೋವರೆಗೂ ಕೆಲಸ ಮಾಡಿಸಿ (ತಣ್ಣಗಿದ್ದಾಗ ಎಲ್ಲ ಚೆನ್ನಾಗೇ ಕಾಣುತ್ತೆ), ಬೂಮ್ ಎತ್ತಿ ಕೈ (ಬೂಮ್‌ಗೂ ಬಕೆಟ್‌ಗೂ ನಡುವಿನ ತೋಳು) ಚಾಚಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬೂಮ್ ಸಿಲಿಂಡರ್ ರಾಡ್ ಒಳಗೆ ಹೋಗೋ ಜಾಗದಿಂದ ಒಂದು ಇಂಚು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಪಕ್ಕದಿಂದ ಎಳೀರಿ, ಬೂಮ್ ಕೆಳಗೆ ತಲೆ ಹಾಕ್ಬೇಡಿ. ಹತ್ತು ನಿಮಿಷದಲ್ಲಿ ಗೆರೆ ಒಳಗೋ ಹೊರಗೋ ಒಂದು ಇಂಚಷ್ಟು ಸರಿದುಬಿಟ್ರೆ ಸಿಲಿಂಡರ್ ಸೀಲೋ ಕಂಟ್ರೋಲ್ ವಾಲ್ವೋ ಒಳಗೇ ಲೀಕ್ ಅಂತ ಅರ್ಥ. ಹೈಡ್ರಾಲಿಕ್ ಟ್ಯಾಂಕ್ ಆಯಿಲ್ ಹಾಲು ಬೆರೆಸಿದ ಹಾಗಿದ್ರೆ ನೀರು ಸೇರಿದೆ, ಮಿನುಗು ಪುಡಿ ಇದ್ರೆ ಪಂಪು ಸವೀತಿದೆ.

ತಂದ ಮೇಲೆ ಹಳೇ ಆಯಿಲ್ ಪೂರ್ತಿ ತೆಗೆದು ಫಿಲ್ಟರ್ ಬದಲಾಯಿಸಿ, ಬಿರುಕು ಬಿಟ್ಟ ಹೋಸ್ ಪೈಪ್ ಎಲ್ಲ ಹೊಸದು ಹಾಕಿ. ಪಿಟಿಓ (ಟ್ರ್ಯಾಕ್ಟರ್ ಹಿಂದೆ ತಿರುಗೋ ಶಾಫ್ಟ್) ಪಂಪು 540 ಆರ್‌ಪಿಎಂ ಲೆಕ್ಕದ್ದು ಅಂತ ಖಾತ್ರಿ ಮಾಡ್ಕೊಳ್ಳಿ, ಶಾಫ್ಟ್ ಮೇಲೆ ಪ್ಲಾಸ್ಟಿಕ್ ಗಾರ್ಡ್ ಇರ್ಲೇಬೇಕು, ಪಂಚೆ ಟವೆಲ್ ಸುತ್ಕೊಂಡ್ರೆ ಬಿಡಿಸ್ಕೊಳ್ಳೋಕೆ ಟೈಮೇ ಸಿಗಲ್ಲ. ಮೊದಲ ಸಲ ಕಮ್ಮಿ ರೇಸಲ್ಲಿ ಒಂದೊಂದೇ ಲಿವರ್ ಪೂರ್ತಿ ಆಚೆ ಈಚೆ ಆಡಿಸಿ ಗಾಳಿ ಹೋಗ್ಲಿ, ಆಮೇಲೆ ಆಯಿಲ್ ಲೆವೆಲ್ ಮತ್ತೆ ನೋಡಿ ತುಂಬಿಸಿ. ಲೀಕ್ ಎಲ್ಲಿ ಅಂತ ಕೈ ಇಟ್ಟು ಹುಡುಕ್ಬೇಡಿ, ರಟ್ಟಿನ ತುಂಡು ಹಿಡೀರಿ. ಸೂಜಿ ಮೊನೆಯಷ್ಟು ತೂತಿಂದ ಬರೋ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತೆ, ಹೊರಗೆ ಚುಕ್ಕೆ ಅಷ್ಟೇ ಕಾಣುತ್ತೆ, ಆದ್ರೆ ತಕ್ಷಣ ಆಪರೇಷನ್ ಆಗ್ದಿದ್ರೆ ಬೆರಳೇ ಹೋಗ್ಬಹುದು.

ಅಗೆಯೋ ಮೊದಲು ಮೇಲೆ ಕೆಳಗೆ ಎರಡೂ ನೋಡಿ. ಹೊಲದ ಮೇಲೆ ಹೋಗಿರೋ 11 ಕೆವಿ ಲೈನು, ಐಪಿ ಸೆಟ್‌ಗೆ (ನೀರಾವರಿ ಪಂಪ್‌ಸೆಟ್‌ಗೆ) ಬಂದಿರೋ ತಂತಿ ನಡುವೆ ಜೋತು ಬಿದ್ದಿರುತ್ತೆ, ಬೂಮ್ ಎತ್ತಿದಾಗ ಎಷ್ಟು ಮೇಲೆ ಹೋಗುತ್ತೆ ಅಂತ ಸೀಟಲ್ಲಿ ಕೂತೋರಿಗೆ ಅಂದಾಜೇ ಸಿಗಲ್ಲ. ಕೆಳಗೆ ನಿಮ್ಮದೇ ಬೋರ್‌ವೆಲ್ ಕೇಬಲ್, ಪೈಪು. ರಸ್ತೆ ಪಕ್ಕ ಆದ್ರೆ ಓಎಫ್‌ಸಿ (ಫೋನ್, ಇಂಟರ್ನೆಟ್‌ನ ಫೈಬರ್) ಕೇಬಲ್ ಇರುತ್ತೆ, 2023ರಲ್ಲಿ ಕೇಂದ್ರ ಸರ್ಕಾರ ತಂದ ಕಾಲ್ ಬಿಫೋರ್ ಯು ಡಿಗ್ ಆ್ಯಪ್‌ನಲ್ಲಿ ಮೊದಲೇ ತಿಳಿಸ್ಬಹುದು. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಬಂದಿರೋ ಗೇಲ್ ಕಂಪನಿ ಗ್ಯಾಸ್ ಲೈನ್ ಎಷ್ಟೋ ಜನರ ಹೊಲದ ಅಡಿಯಲ್ಲೇ ಹೋಗಿದೆ, ಅದರ ಗುರುತಿನ ಕಂಬ ಕಂಡ್ರೆ ಅವರನ್ನ ಕೇಳದೆ ಬಕೆಟ್ ಇಳಿಸ್ಬೇಡಿ.

ಕೆಲಸಕ್ಕೆ ನಿಂತಾಗ ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎರಡೂ ಜಾಕ್ ಕೆಳಗೆ ಇಳಿಸಿ ಹಿಂದಿನ ಟೈರಿನ ಭಾರ ಜಾಕ್ ಮೇಲೆ ಬರ್ಬೇಕು. ಎರೆ ಮಣ್ಣಲ್ಲಿ ಜಾಕ್ ಹೂತುಹೋಗುತ್ತೆ, ಕೆಳಗೆ ದಪ್ಪ ಹಲಗೆ ಕೊಡಿ. ಇನ್ನು ಅಗೆಯೋದು: ಒಂದೇ ಸಲ ಬಕೆಟ್ ಪೂರ್ತಿ ಚುಚ್ಚಿ ಎಳೆಯೋಕೆ ಹೋಗ್ಬೇಡಿ, ಹಲ್ಲು ಓರೆಯಾಗಿ ಕಚ್ಚೋ ಹಾಗೆ ಇಟ್ಟು ನಾಲ್ಕೈದು ಇಂಚಿನ ಪದರ ಪದರವಾಗಿ ಕೈಯನ್ನ ಒಳಗೆ ಎಳ್ಕೊಳ್ತಾ ಬಕೆಟ್ ಮಡಚ್ತಾ ಬನ್ನಿ. ಎಂಜಿನ್ ಒದ್ದಾಡಿ ವಾಲ್ವ್ ಕಿರ್ ಅಂದ್ರೆ ಲಿವರ್ ಬಿಟ್ಟು ಪದರ ತೆಳು ಮಾಡಿ, ಪವರ್ ಜಾಸ್ತಿ ಆಗ್ಲಿ ಅಂತ ರಿಲೀಫ್ ವಾಲ್ವ್ (ಪ್ರೆಷರ್ ಮಿತಿ ಮೀರದ ಹಾಗೆ ಆಯಿಲ್ ಬಿಡೋ ವಾಲ್ವ್) ಟೈಟ್ ಮಾಡೋದು ಮಾತ್ರ ಬೇಡ, ಹೋಸ್ ಒಡೆಯೋದೋ ಪಿನ್ ಕಡಿಯೋದೋ ಆಗುತ್ತೆ. ಬಕೆಟ್ ಪಕ್ಕದಿಂದ ಮಣ್ಣು ಗುಡಿಸೋದು, ಬೊಡ್ಡೆ ತಳ್ಳೋದು ಮಾಡಿದ್ರೆ ಸ್ವಿಂಗ್ ಬುಷ್ಷು ಬೇಗ ಹೋಗುತ್ತೆ. ಇಳಿಜಾರಿದ್ರೆ ಮಣ್ಣನ್ನ ಮೇಲಿನ ಕಡೆಗೇ ಸುರೀರಿ, ತುಂಬಿದ ಬಕೆಟ್ ಕೆಳಗಡೆ ತಿರುಗಿಸಿದ್ರೆ ಟ್ರ್ಯಾಕ್ಟರ್ ವಾಲುತ್ತೆ.

ಅಡಿಕೆ ತೋಟದೋರಿಗೆ ಒಂದು ಮಾತು. ಸಾಲಿಂದ ಸಾಲಿಗೆ 9 ಅಡಿ ಅಂತರ ಅಷ್ಟೇ ಇರುತ್ತೆ, ಅದ್ರಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಜಾಕ್ ಬಿಟ್ಟು ಬೂಮ್ ತಿರುಗಿಸಿದ್ರೆ ಮರಕ್ಕೆ ಪೆಟ್ಟು, ಬೇರಿಗೂ ಪೆಟ್ಟು. ಬಸಿಗಾಲುವೆ ಗಿಡ ನೆಡೋಕೆ ಮೊದಲೇ ತೆಗೆದುಬಿಡಿ, ಗಿಡದ ಗುಂಡಿಗಿಂತ ಅರ್ಧ ಅಡಿಯಿಂದ ಒಂದು ಅಡಿ ಜಾಸ್ತಿ ಆಳ. ಬೆಳೆದ ತೋಟದಲ್ಲಿ ಆಳುಗಳೇ ಮೇಲು.

ತೆಗೆದ ಮಣ್ಣು ಟ್ರೆಂಚ್ ಅಂಚಿಂದ ಕನಿಷ್ಠ ಎರಡಡಿ ದೂರ ಹಾಕಿ. ಎದೆಮಟ್ಟ ದಾಟಿದ ಟ್ರೆಂಚ್ ಒಳಗೆ ಪೈಪ್ ಕೂರಿಸೋಕೆ ಅಂತ ಯಾರನ್ನೂ ಹಾಗೇ ಇಳಿಸ್ಬೇಡಿ, ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ತೂಗುತ್ತೆ, ಎರೆ ಮಣ್ಣು ಮಳೆ ನೀರು ಕುಡಿದಿದ್ರೆ ಸದ್ದಿಲ್ದೆ ಕುಸಿಯುತ್ತೆ. ಗೋಡೆ ಇಳಿಜಾರು ಮಾಡಿ, ಆಮೇಲೆ ಇಳೀಲಿ.

ರೋಡಿಗೆ ಹೊರಡುವಾಗ ಬೂಮ್ ಮಡಚಿ ಲಾಕ್ ಪಿನ್, ಸ್ವಿಂಗ್ ಲಾಕ್ ಎರಡೂ ಹಾಕಿ, ಹಿಂಭಾರಕ್ಕೆ ಮುಂದಿನ ಚಕ್ರ ಹಗುರ ಆಗಿ ಸ್ಟೇರಿಂಗ್ ಹಿಡಿತ ತಪ್ಪುತ್ತೆ, ಮುಂದೆ ವೆಯ್ಟ್ ಕಟ್ಟಿ ನಿಧಾನಕ್ಕೆ ಹೋಗಿ. ಸಂಜೆ ನಿಲ್ಲಿಸಿದಾಗ ಬಕೆಟ್ ನೆಲಕ್ಕೆ ಊರಿ, ಎಂಜಿನ್ ಆಫ್ ಮಾಡಿದ ಮೇಲೆ ಎಲ್ಲ ಲಿವರ್ ಒಂದು ಸಲ ಆಡಿಸಿ ಪ್ರೆಷರ್ ಬಿಡಿ, ಪಿನ್ನುಗಳಿಗೆ ಅವತ್ತೇ ಗ್ರೀಸ್ ಹೊಡೀರಿ, ಬಿಸಿ ಇದ್ದಾಗ ಗ್ರೀಸ್ ಸಲೀಸಾಗಿ ಒಳಗೆ ಹೋಗಿ ಹಳೇ ಮಣ್ಣನ್ನ ಆಚೆ ತಳ್ಳುತ್ತೆ.