ಮೊಣಕಾಲಿನ ಆಪರೇಷನ್ ಆದ್ಮೇಲೆ ಸೊರಗಿದ ತೊಡೆಯನ್ನು ಸರಿಮಾಡೋದು ಹೇಗೆ?

ಕಬಡ್ಡಿ ಆಡುವಾಗಲೋ ಬೈಕಿನಿಂದ ಬಿದ್ದೋ ಎಸಿಎಲ್ (ಮೊಣಕಾಲಿನೊಳಗೆ ಎಲುಬುಗಳನ್ನು ಹಿಡಿದಿಡೋ ಪಟ್ಟಿ, ಅಂದರೆ ಲಿಗಮೆಂಟು) ಹರಿದುಕೊಂಡು, ಅದರ ಜಾಗಕ್ಕೆ ಹೊಸದನ್ನು ಕೂರಿಸೋ ಆಪರೇಷನ್ ಮಾಡಿಸಿಕೊಂಡವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆಯೇನಿಲ್ಲ. ಗಾಯ ಮಾಗಿರುತ್ತದೆ, ನಡಿಗೆಯೂ ನೆಟ್ಟಗಾಗಿರುತ್ತದೆ. ಆದರೆ ಚಡ್ಡಿ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಒಂದು ತೊಡೆ ದಪ್ಪ, ಇನ್ನೊಂದು ಸಣ್ಣ. ಡಾಕ್ಟರು, ಫಿಸಿಯೋ ಇಬ್ಬರೂ "ಇನ್ನು ತೂಕ ಎತ್ತಬಹುದು" ಅಂದ ಮೇಲೆ ಮಾಡಬೇಕಾದ ಕೆಲಸ ಇದು, ಅದಕ್ಕಿಂತ ಮುಂಚೆ ಬೇಡ.

ಮೊದಲು ಅಳತೆ ತಗೊಳ್ಳಿ. ಕಾಲು ಚಾಚಿ ಕೂತು, ಮೊಣಕಾಲ ಚಿಪ್ಪಿನ ಮೇಲಂಚಿನಿಂದ 10 ಸೆಂ.ಮೀ. ಮೇಲೆ ಪೆನ್ನಿನಿಂದ ಗೆರೆ ಹಾಕಿ, ಟೇಲರ್ ಟೇಪ್ ಸುತ್ತಿ ಎರಡೂ ತೊಡೆ ಅಳೆದು ಬರೆದಿಡಿ. ತಿಂಗಳಿಗೊಮ್ಮೆ ಅಳೆದರೆ ಸಾಕು. ದಿನಾ ಅಳೆದರೆ ಸುಮ್ನೆ ತಲೆಬಿಸಿ.

ಎರಡೂ ಕಾಲಿನ ಬಸ್ಕಿ ಹೊಡೆದರೆ ತಾನಾಗೇ ಸರಿಹೋಗುತ್ತೆ ಅಂತ ಗರಡಿಮನೆ ಹಿರಿಯರು ಹೇಳಬಹುದು. ಆಗೋದಿಲ್ಲ. ಮೈ ಬಹಳ ಜಾಣ, ಗೊತ್ತಾಗದ ಹಾಗೆ ಭಾರವನ್ನೆಲ್ಲ ಗಟ್ಟಿ ಕಾಲಿನ ಮೇಲೆ ಹಾಕಿಬಿಡುತ್ತದೆ. ಹಿಂದಿನಿಂದ ಯಾರಾದರೂ ವಿಡಿಯೋ ಮಾಡಲಿ, ಏಳುವಾಗ ಸೊಂಟ ಒಂದು ಬದಿಗೆ ವಾಲೋದು ಕಾಣುತ್ತದೆ.

ಅದಕ್ಕೇ ಒಂದೊಂದೇ ಕಾಲಿನ ಕಸರತ್ತು ಬೇಕು: ಲೆಗ್ ಪ್ರೆಸ್ (ಮಷಿನ್‌ನಲ್ಲಿ ಕೂತು ಕಾಲಿನಿಂದ ತೂಕ ತಳ್ಳೋದು), ಮೆಟ್ಟಿಲು ಹತ್ತಿಳಿಯೋದು, ಸ್ಪ್ಲಿಟ್ ಸ್ಕ್ವಾಟ್ (ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ಬಸ್ಕಿ). ತೊಡೆಯ ಹಿಂಭಾಗಕ್ಕೆ ಒಂಟಿಕಾಲಿನ ಡೆಡ್‌ಲಿಫ್ಟ್ (ಒಂದೇ ಕಾಲ ಮೇಲೆ ನಿಂತು ಸೊಂಟದಿಂದ ಮುಂದೆ ಬಾಗಿ ಏಳೋದು), ಹೊಸ ಲಿಗಮೆಂಟಿಗೆ ತೊಡೆಯ ಹಿಂಭಾಗದಿಂದಲೇ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟೋ ಹುರಿ) ತೆಗೆದಿದ್ದರೆ ಇದನ್ನು ಬಿಡಲೇಬೇಡಿ, ಆದರೆ ಶುರು ಮಾಡೋ ಮುಂಚೆ ಫಿಸಿಯೋಗೆ ಕೇಳಿ. ಯಾವಾಗಲೂ ಸೊರಗಿದ ಕಾಲಿನಿಂದ ಶುರು ಮಾಡಿ, ಲೆಕ್ಕ ಅದೇ ಹೇಳಲಿ. ಅದು 20 ಕೆಜಿಯನ್ನು 9 ಸಲ ತಳ್ಳಿದರೆ, ಗಟ್ಟಿ ಕಾಲಿಗೆ 20 ಸಲ ತಳ್ಳೋ ತಾಕತ್ತಿದ್ದರೂ ಅದೂ 9ಕ್ಕೇ ನಿಲ್ಲಬೇಕು. ಹುರುಪಿಗೆ ಬಿದ್ದು ಜಾಸ್ತಿ ಮಾಡಿದರೆ ಅಂತರ ಹಾಗೇ ಉಳಿಯುತ್ತದೆ ಅಲ್ವಾ? ಹಾಗಂತ ಗಟ್ಟಿ ಕಾಲನ್ನು ಪೂರ್ತಿ ಬಿಟ್ಟುಬಿಡಬೇಡಿ.

ವಾರಕ್ಕೆ 2-3 ದಿನ, ನಡುವೆ ಒಂದು ದಿನ ಬಿಡುವು. 8ರಿಂದ 12 ಸಲ, ಮೂರು ಸೆಟ್. ಮೂರರಲ್ಲೂ 12 ಸಲೀಸಾದರೆ ಮಾತ್ರ ಸ್ವಲ್ಪ ತೂಕ ಏರಿಸಿ. ಲೆಗ್ ಎಕ್ಸ್‌ಟೆನ್ಷನ್ ಮಷಿನ್ (ಕೂತು ಮೊಣಕಾಲು ಚಾಚುತ್ತ ತೂಕ ಎತ್ತೋದು) ವಿಷಯದಲ್ಲಿ ಜಿಮ್ ಹುಡುಗನ ಮಾತು ಕೇಳಬೇಡಿ, ಯಾವಾಗ, ಎಷ್ಟು ಅನ್ನೋದನ್ನು ಫಿಸಿಯೋ ಹೇಳಲಿ. ಹೊಸ ಲಿಗಮೆಂಟು ಮೊದಲ ತಿಂಗಳುಗಳಲ್ಲಿ ಇನ್ನೂ ಎಳಸು.

ಮರುದಿನ ಬೆಳಿಗ್ಗೆ ಮೊಣಕಾಲು ನೋಡಿ. ಚಿಪ್ಪಿನ ಪಕ್ಕದ ಗುಳಿ ತುಂಬಿಕೊಂಡಿದ್ದರೆ ಬಾವು ಬಂದಿದೆ ಅಂತ ಅರ್ಥ. ಬಾವು ಇದ್ದರೆ ತೊಡೆಯ ಮುಂಭಾಗದ ಸ್ನಾಯು ಪೂರ್ತಿ ಬಿಗಿಯಾಗೋದೇ ಇಲ್ಲ, ಎಷ್ಟು ಎತ್ತಿದರೂ ವ್ಯರ್ಥ. ತೂಕ ಇಳಿಸಿ. ಜ್ವರ ಬಂದರೆ, ಮೀನಖಂಡ ನೋಯುತ್ತ ಊದಿಕೊಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಊಟದಲ್ಲಿ ರೊಟ್ಟಿ ಜೊತೆ ಬರೀ ಶೇಂಗಾ ಚಟ್ನಿ ಸಾಲದು. ಮಡಕೆಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಎರಡೂ ಹೊತ್ತು ಇರಲಿ.

ಕಬಡ್ಡಿ ಅಂಕಣಕ್ಕೆ ಮರಳೋದು ಯಾವಾಗ ಅಂತ ಎಲ್ಲರೂ ಕೇಳುತ್ತಾರೆ. ಆಪರೇಷನ್ ಆಗಿ ಕನಿಷ್ಠ 9 ತಿಂಗಳು ಕಳೆದಿರಬೇಕು, ಸೊರಗಿದ ಕಾಲು ತಾಕತ್ತಿನಲ್ಲೂ ಒಂಟಿಕಾಲಿನ ಜಿಗಿತದಲ್ಲೂ ಇನ್ನೊಂದರ ಶೇ. 90ರಷ್ಟನ್ನಾದರೂ ಮುಟ್ಟಿರಬೇಕು. ಎರಡರಲ್ಲಿ ಒಂದಾದರೆ ಸಾಲದು.