ಹಳೆಯ ಹಡಗಿನ ಲಾಗ್‌ಬುಕ್ಕಿನಿಂದ ಹವಾಮಾನ ನಕಲು ಮಾಡುವುದು ಹೇಗೆ?

ನಮ್ಮ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಮಂದಿ ಸೇರಿ, ಮೊದಲನೇ ಮಹಾಯುದ್ಧದ ಕಾಲದ ಬ್ರಿಟಿಷ್ ಯುದ್ಧನೌಕೆಗಳ ಲಾಗ್ (ದಿನಚರಿ) ಪುಟಗಳನ್ನು ಓದುವ ಅಭ್ಯಾಸ ಮಾಡುತ್ತೇವೆ. ಮೂವತ್ತು ವರ್ಷ ಬ್ಯಾಂಕಿನ ಲೆಡ್ಜರ್ ತಾಳೆ ನೋಡಿ ನಿವೃತ್ತರಾದ ಹಿರಿಯರೊಬ್ಬರು ಅಲ್ಲಿ ಎಲ್ಲರಿಗಿಂತ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಾರೆ, ಎಲ್ಲರಿಗಿಂತ ಹೆಚ್ಚು ತಪ್ಪುಗಳನ್ನೂ ಮಾಡುತ್ತಾರೆ. ಅರಬ್ಬೀ ಸಮುದ್ರದ ಒಂದು ಪುಟದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ವಾಯುಭಾರ 29.98, ಸಂಜೆ ನಾಲ್ಕಕ್ಕೆ 29.91, ರಾತ್ರಿ ಎಂಟಕ್ಕೆ 29.96 ಎಂದಿತ್ತು. ನಡುವಿನ ಅಂಕಿ ಅಕ್ಕಪಕ್ಕದವುಗಳೊಂದಿಗೆ ಹೊಂದುತ್ತಿಲ್ಲವೆಂದು ಅವರು ಅದನ್ನು 29.97 ಎಂದು ತಿದ್ದಿ ತುಂಬಿದರು. ಈ ಲೇಖನ ಬರೆಯಲು ಆ ತಿದ್ದುಪಡಿಯೇ ಕಾರಣ.

ಕೆಲಸದ ಹಿನ್ನೆಲೆ ಇಷ್ಟು. ಬ್ರಿಟಿಷ್ ನೌಕಾಪಡೆಯ ಲಾಗ್‌ಬುಕ್ಕುಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹಡಗು ಕಡಲಿನಲ್ಲಿರಲಿ, ಬಂದರಿನಲ್ಲಿರಲಿ, ನಾಲ್ಕು ಗಂಟೆಗೊಮ್ಮೆ ಗಾಳಿ, ಹವೆ, ವಾಯುಭಾರ, ಉಷ್ಣತೆಗಳನ್ನು ಬರೆದಿಡುವ ಕಟ್ಟುಪಾಡಿತ್ತು. ಭೂಮಿಯ ಮೇಲಿನ ಹವಾಮಾನ ಕೇಂದ್ರಗಳು ಹೇಳಲಾರದ ನಡುಗಡಲಿನ ಸಂಗತಿ ಈ ಪುಟಗಳಲ್ಲಿ ಮಾತ್ರ ಉಳಿದಿದೆ. ಇವುಗಳನ್ನು ಸ್ವಯಂಸೇವಕರಿಂದ ನಕಲು ಮಾಡಿಸಲು ಝೂನಿವರ್ಸ್ ಜಾಲತಾಣದಲ್ಲಿ 2010ರ ಅಕ್ಟೋಬರ್‌ನಲ್ಲಿ ‘ಓಲ್ಡ್ ವೆದರ್’ ಯೋಜನೆ ಆರಂಭವಾಯಿತು. ಅನಂತರ ಅಮೆರಿಕದ ಆರ್ಕ್‌ಟಿಕ್ ನೌಕೆಗಳು, ತಿಮಿಂಗಿಲ ಬೇಟೆಯ ಹಡಗುಗಳು ಸೇರಿಕೊಂಡವು; ಅದೇ ದಾರಿಯಲ್ಲಿ ‘ವೆದರ್ ರೆಸ್ಕ್ಯೂ ಅಟ್ ಸೀ’ ಎಂಬ ಇನ್ನೊಂದು ಯೋಜನೆ ಬಂದಿತು. ನಕಲಾದ ಅಂಕಿಗಳು ಐಕೋಆಡ್ಸ್ ಎಂಬ ಅಂತರರಾಷ್ಟ್ರೀಯ ಸಾಗರ ದತ್ತಾಂಶ ಕೋಶಕ್ಕೆ ಸೇರಿ, ಹಿಂದಿನ ದಿನಗಳ ಹವಾಮಾನವನ್ನು ಗಣಕದಲ್ಲಿ ಮರುರಚಿಸಲು ನೆರವಾಗುತ್ತವೆ.

ಮೊದಲ ಹೆಜ್ಜೆಯಾಗಿ ಝೂನಿವರ್ಸ್ ತಾಣದಲ್ಲಿ ಖಾತೆ ತೆರೆದು, ಸೂಚನಾ ಪುಟವನ್ನು ಪೂರ್ತಿ ಓದಿ.

ಎರಡನೆಯದು ಸಲಕರಣೆ. ಮೊಬೈಲಿನಲ್ಲಿ ಈ ಕೆಲಸ ಮಾಡಲೇಬೇಡಿ. ಬಲಬದಿಯಲ್ಲಿ ಅಂಕಿಗಳ ಗುಂಪು ಪ್ರತ್ಯೇಕವಾಗಿರುವ ಕೀಲಿಮಣೆ, ಸಾಧ್ಯವಾದಷ್ಟು ದೊಡ್ಡ ಪರದೆ, ಒಂದು ಹಳೆಯ ಅಂಚೆ ಕಾರ್ಡು ಸಾಕು. ಕಾರ್ಡಿನ ಅಂಚನ್ನು ಪರದೆಯ ಮೇಲೆ ಓದುತ್ತಿರುವ ಸಾಲಿನ ಕೆಳಗೆ ಹಿಡಿದರೆ ಕಣ್ಣು ಮುಂದಿನ ಸಾಲಿಗೆ ಜಾರುವುದಿಲ್ಲ. ಕೈಬರಹವನ್ನು ತಾವೇ ಓದಿಕೊಡುತ್ತೇವೆಂದು ಜಾಹೀರಾತು ಮಾಡುವ ಆ್ಯಪ್‌ಗಳಲ್ಲಿ ಎರಡಕ್ಕೆ ದುಡ್ಡು ಸುರಿದು ನೋಡಿದ್ದೇನೆ. ಶಾಯಿಯ ಕಲೆಯನ್ನೂ ಅವು ಎಂಟು ಎಂದೇ ಓದಿ, ಅನುಮಾನದ ಗುರುತನ್ನೂ ಹಾಕದೆ ಒಪ್ಪಿಸಿದವು. ಮೊದಲು ಸ್ಪ್ರೆಡ್‌ಶೀಟಿನಲ್ಲಿ ತುಂಬಿಕೊಂಡು ಆಮೇಲೆ ಅಂಟಿಸುವ ಅಡ್ಡದಾರಿಯೂ ಬೇಡ. ನೀವು 30.10 ಎಂದು ಒತ್ತಿದರೆ ಅದು ತಾನಾಗಿಯೇ 30.1 ಎಂದು ಮಾಡಿಬಿಡುತ್ತದೆ. ಲಾಗ್ ಬರೆದ ಅಧಿಕಾರಿ ದಶಾಂಶದ ಎರಡನೆಯ ಸ್ಥಾನದವರೆಗೆ ನೋಡಿ ಬರೆದಿದ್ದ ಎಂಬುದಕ್ಕೆ ಆ ಕೊನೆಯ ಸೊನ್ನೆಯೇ ಸಾಕ್ಷಿ.

ಮೂರನೆಯ ಹೆಜ್ಜೆ ಅಕ್ಷರದ ಪರಿಚಯ. ಇಲ್ಲಿ ಅವಸರಪಟ್ಟವರು ಮುಂದೆ ಎಲ್ಲ ಕಡೆಯೂ ಎಡವುತ್ತಾರೆ. ಶಾನುಭೋಗರ ಕಡತ ಓದುವವರು ಮೊದಲು ಆ ಶಾನುಭೋಗರ ಕೈಯನ್ನು ಕಲಿಯುವಂತೆ, ಇಲ್ಲಿಯೂ ಒಂದೇ ಹಡಗನ್ನು ಹಿಡಿದು ಕೆಲವು ವಾರ ಅದರಲ್ಲಿಯೇ ಇರಬೇಕು. ಒಂದು ಮತ್ತು ಏಳರ ನಡುವೆ ಗೊಂದಲವಾದರೆ ಅದೇ ತಿಂಗಳ 17ನೇ ತಾರೀಖಿನ ಪುಟಕ್ಕೆ ಹೋಗಿ. ತಾರೀಖು ಬರೆದ ಕೈಯೂ ಅದೇ ಆಗಿದ್ದರೆ ಎರಡೂ ಅಂಕಿಗಳು ಪಕ್ಕಪಕ್ಕದಲ್ಲಿಯೇ ಸಿಗುತ್ತವೆ. ನಾಲ್ಕು ಮತ್ತು ಒಂಬತ್ತಕ್ಕೆ 24, 29ನೇ ತಾರೀಖುಗಳನ್ನು ಹೋಲಿಸಿ. ಹಡಗಿಗೆ ಹೊಸ ಅಧಿಕಾರಿ ಬಂದು ಕೈ ಬದಲಾದ ದಿನ ಈ ಪಾಠವನ್ನು ಮತ್ತೆ ಮೊದಲಿನಿಂದ ಮಾಡಬೇಕು.

ನಾಲ್ಕನೆಯದು ವಾಯುಭಾರದ ಕಾಲಂ. ಹತ್ತರಲ್ಲಿ ಎಂಟು ತಪ್ಪುಗಳು ನಡೆಯುವುದು ಇಲ್ಲಿಯೇ ಎಂಬುದು ನನ್ನ ಅನುಭವ. ಅಳತೆ ಪಾದರಸದ ಅಂಗುಲಗಳಲ್ಲಿರುತ್ತದೆ. ಒಂದು ಅಂಗುಲವೆಂದರೆ ಒತ್ತಡದ ಇಂದಿನ ಮಾನದಲ್ಲಿ ಸುಮಾರು 33.86 ಹೆಕ್ಟೊಪಾಸ್ಕಲ್. ಆದ್ದರಿಂದ 29.74 ಎಂಬುದನ್ನು 29.14 ಎಂದು ಓದಿದರೆ ಒತ್ತಡ ಇಪ್ಪತ್ತು ಹೆಕ್ಟೊಪಾಸ್ಕಲ್ ಇಳಿದು, ತಿಳಿಯಾದ ಕಡಲಿನ ಮೇಲೆ ಇಲ್ಲದ ಚಂಡಮಾರುತವೊಂದು ಹುಟ್ಟಿಕೊಳ್ಳುತ್ತದೆ. ಬರೆಯುವವರು ಮೊದಲ ಸಾಲಿನಲ್ಲಿ 30.02 ಎಂದು ಪೂರ್ತಿ ಬರೆದು, ಮುಂದಿನ ಸಾಲುಗಳಲ್ಲಿ 00, 98 ಎಂದು ಕೊನೆಯ ಎರಡು ಅಂಕಿಗಳನ್ನು ಮಾತ್ರ ಬರೆಯುವುದುಂಟು. ಇಲ್ಲಿ 98 ಎಂದರೆ 29.98, ಕಣ್ಣುಮುಚ್ಚಿ ಮೇಲಿನ ಮೂವತ್ತನ್ನು ಇಳಿಸಿಕೊಂಡು 30.98 ಮಾಡಿದವರನ್ನು ನಾನು ಪ್ರತಿ ಭಾನುವಾರವೂ ನೋಡುತ್ತೇನೆ. ಪೂರ್ತಿ ಸಂಖ್ಯೆ ತುಂಬಬೇಕೋ, ಇದ್ದಷ್ಟನ್ನೇ ತುಂಬಬೇಕೋ ಎಂಬುದನ್ನು ಸೂಚನಾ ಪುಟ ಹೇಳುತ್ತದೆ, ಅದರಂತೆ ನಡೆಯಿರಿ. ‘ಮೇಲಿನಂತೆ’ ಎನ್ನುವ ಎರಡು ಗೀಟುಗಳನ್ನು ಹನ್ನೊಂದು ಎಂದು ಓದಿದವರೂ ನಮ್ಮಲ್ಲಿದ್ದಾರೆ.

ಈಗ ಆ ಹಿರಿಯರ 29.91ಕ್ಕೆ ಬರೋಣ. ಉಷ್ಣವಲಯದಲ್ಲಿ ವಾಯುಭಾರವು ಪ್ರತಿದಿನ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರು, ನಸುಕಿನ ಮತ್ತು ಸಂಜೆಯ ನಾಲ್ಕರ ಸುಮಾರಿಗೆ ಇಳಿತ. ಅಧಿಕಾರಿ ಬರೆದಿದ್ದು ಆ ಇಳಿತವನ್ನೇ. ತಿದ್ದಿದವರು ಅದನ್ನು ಅಳಿಸಿಹಾಕಿದ್ದರು. ಅಂಕಿ ವಿಚಿತ್ರವಾಗಿ ಕಂಡರೆ ಮತ್ತೊಮ್ಮೆ, ಮಗದೊಮ್ಮೆ ಕಣ್ಣು ಹಾಯಿಸಿ. ಕಂಡದ್ದು ಅದೇ ಆದರೆ ಅದನ್ನೇ ತುಂಬಿ. ಸಾಮಾನ್ಯವಾಗಿ ಕಡಿಮೆ ಇರಬೇಕಾದ ಒದ್ದೆ ಬಲ್ಬಿನ (ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕದ) ಉಷ್ಣತೆ ಒಣ ಬಲ್ಬಿಗಿಂತ ಹೆಚ್ಚೆಂದು ಬರೆದಿದ್ದರೆ ಕಾಲಂ ಅದಲುಬದಲಾಗಿರಬಹುದು. ಆದರೂ ಅದನ್ನು ಸರಿಪಡಿಸುವ ಅಧಿಕಾರ ನಮಗಿಲ್ಲ. ಫ್ಯಾರನ್‌ಹೀಟ್ ಡಿಗ್ರಿಗಳನ್ನು ಸೆಲ್ಸಿಯಸ್‌ಗೆ ಬದಲಿಸುವ ಉಪಕಾರವನ್ನೂ ಮಾಡಬೇಡಿ. ಒಂದೇ ಪುಟವನ್ನು ಹಲವರು ಪ್ರತ್ಯೇಕವಾಗಿ ನಕಲು ಮಾಡುವುದರಿಂದ ಒಬ್ಬರ ಕಣ್ತಪ್ಪು ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ. ಎಲ್ಲರೂ ಒಂದೇ ತರ್ಕದಿಂದ ತಿದ್ದಿದರೆ ಯಾವ ತಾಳೆಗೂ ಅದು ಸಿಗುವುದಿಲ್ಲ.

ಐದನೆಯದು ಗಾಳಿ ಮತ್ತು ಹವೆ. ಗಾಳಿಯ ಬಲ ಬ್ಯೂಫರ್ಟ್ ಮಾನದಲ್ಲಿ 0ಯಿಂದ 12ರವರೆಗೆ ಇರುತ್ತದೆ, ಅದರಲ್ಲಿ ತೊಡಕಿಲ್ಲ. ದಿಕ್ಕುಗಳು ಮೂವತ್ತೆರಡು, ‘ಎನ್ ಬೈ ಇ’ (ಉತ್ತರದಿಂದ ಕೊಂಚ ಪೂರ್ವಕ್ಕೆ) ಎಂಬಲ್ಲಿ ನಡುವಿನ ‘ಬೈ’ ಪದವನ್ನು ಪುಟ್ಟ ‘ಬಿ’ ಅಥವಾ ಗುಣಾಕಾರದ ಗುರುತಾಗಿ ಬರೆದಿರಬಹುದು, ಅದನ್ನು ಬಿಟ್ಟುಬಿಡಬೇಡಿ. ಹವೆಯನ್ನು ಒಂದೊಂದೇ ಅಕ್ಷರದಲ್ಲಿ ಬರೆಯುತ್ತಾರೆ: ‘ಬಿ’ ಎಂದರೆ ನೀಲಿ ಆಕಾಶ, ‘ಸಿ’ ಚದುರಿದ ಮೋಡ, ‘ಒ’ ಪೂರ್ತಿ ಮುಸುಕಿದ ಬಾನು, ‘ಆರ್’ ಮಳೆ, ‘ಯು’ ಕೇಡು ಸೂಚಿಸುವ ಆಕಾಶ. ಮಂಕು ಹವೆಯ ‘ಜಿ’ ಹಾಗೂ ಬೀಸುಗಾಳಿಯ ಹೊಡೆತದ ‘ಕ್ಯೂ’ ಕೂಡುಬರಹದಲ್ಲಿ ಅವಳಿಗಳಂತಿರುತ್ತವೆ. ಬಾಲ ಯಾವ ಕಡೆಗೆ ತಿರುಗಿದೆ ಎಂಬುದನ್ನು ನೋಡಿ.

ಆರನೆಯದು ಷರಾ. ಕಲ್ಲಿದ್ದಲು ತುಂಬಿದ್ದು, ಡೆಕ್ ತೊಳೆದದ್ದು, ಯಾರೋ ಸಮುದ್ರಕ್ಕೆ ಬಿದ್ದದ್ದು ಎಲ್ಲವೂ ಅಲ್ಲಿರುತ್ತದೆ. ಓದಲು ಕುಳಿತರೆ ಸಂಜೆಯಾಗುತ್ತದೆ. ಅಲ್ಲಿ ನಿಮ್ಮ ಯೋಜನೆ ಕೇಳಿದ್ದನ್ನಷ್ಟೇ ನಕಲಿಸಿ. ಆದರೆ ರೋಗಿಗಳ ಸಂಖ್ಯೆಯ ಅಂಕಣವಿದ್ದರೆ ಬಿಡಬೇಡಿ. 1918ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಆಫ್ರಿಕಾದ ಫ್ರೀಟೌನ್ ಬಂದರಿನಲ್ಲಿದ್ದ ‘ಎಚ್‌ಎಂಎಸ್ ಆಫ್ರಿಕಾ’ದ ಲಾಗ್‌ನಲ್ಲಿ ಆ ಒಂದು ಸಂಖ್ಯೆಯ ಜಿಗಿತದಿಂದಲೇ ಇನ್‌ಫ್ಲುಯೆಂಜಾ ಹಡಗು ಹತ್ತಿದ್ದು ತಿಳಿಯುತ್ತದೆ.

ಕೊನೆಯದು ಸ್ಥಾನ. ಕಡಲಿನಲ್ಲಿ ಮಧ್ಯಾಹ್ನದ ಅಕ್ಷಾಂಶ, ರೇಖಾಂಶಗಳು, ಬಂದರಿನಲ್ಲಿ ಊರಿನ ಹೆಸರು. ಹೆಸರನ್ನು ಅವರು ಬರೆದ ಕಾಗುಣಿತದಲ್ಲಿಯೇ ತುಂಬಿ. ಸ್ಥಾನದಲ್ಲಿ ಅಂಕಿಗಳಿಗಿಂತ ಕೊನೆಯ ಅಕ್ಷರಕ್ಕೆ ಹೆಚ್ಚು ಗಮನ ಕೊಡಿ. ಉತ್ತರ 12 ಡಿಗ್ರಿ 52 ಮಿನಿಟು, ಪೂರ್ವ 74 ಡಿಗ್ರಿ 50 ಮಿನಿಟು ಎಂದರೆ ಮಂಗಳೂರು. ಪೂರ್ವದ ಜಾಗದಲ್ಲಿ ಪಶ್ಚಿಮ ಬಿದ್ದರೆ ಹಡಗು ಕೊಲಂಬಿಯಾದ ಉತ್ತರಕ್ಕೆ ಕೆರಿಬಿಯನ್ ಸಮುದ್ರದಲ್ಲಿರುತ್ತದೆ. ಈ ತಪ್ಪನ್ನು ಲಾಗ್ ಬರೆದ ಅಧಿಕಾರಿಗಳೇ ಮಾಡಿರುವುದೂ ಉಂಟು. ಹಿಂದಿನ ದಿನ ಮುಂಬಯಿಯಿಂದ ಹೊರಟ ಹಡಗಿಗೆ ಪುಟದಲ್ಲಿ ಪಶ್ಚಿಮ ಎಂದಿದ್ದರೆ ಪಶ್ಚಿಮ ಎಂದೇ ತುಂಬಿ, ಟಿಪ್ಪಣಿಯ ಜಾಗದಲ್ಲಿ ಒಂದು ಸಾಲು ಬರೆದು, ಪುಟವನ್ನು ಸಲ್ಲಿಸಿ.